ಪೆಟ್ಟಾದ ಟೆನಿಸ್ ಆಟಗಾರನಿಗೆ ಪಿಕಲ್‌ಬಾಲ್: ಏನು ಬಿಡಬೇಕು, ಏನು ಉಳಿಯುತ್ತದೆ

ಭುಜವೋ ಮೊಣಕಾಲೋ ಕೈಕೊಟ್ಟಾಗ ಟೆನಿಸ್ ಆಟಗಾರ ಕಳೆದುಕೊಳ್ಳುವುದು ಆಟದ ಒಂದು ಪಾಲನ್ನು ಮಾತ್ರ: ತಲೆಯ ಮೇಲಿಂದ ಬಾರಿಸುವ ಸರ್ವ್, ಮೂಲೆಯಿಂದ ಮೂಲೆಗೆ ಓಟ. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಹಿಡಿಯುವ ಕಣ್ಣು, ನೆಟ್ ಬಳಿಯ ಕೈಚಳಕ, ಎದುರಾಳಿಯ ನಿಲುವಿನ ಲೆಕ್ಕ ಹಾಗೇ ಉಳಿದಿರುತ್ತವೆ. ಸಣ್ಣ ಕೋರ್ಟಿನಲ್ಲಿ ಪ್ಯಾಡಲ್ ಎಂಬ ಗಟ್ಟಿ ಬ್ಯಾಟ್ ಹಿಡಿದು ಪ್ಲಾಸ್ಟಿಕ್ ಚೆಂಡಿನಿಂದ ಆಡುವ ಪಿಕಲ್‌ಬಾಲ್‌ಗೆ ಬೇಕಾದದ್ದು ಇವೇ.

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗ ಕಲಿತು ನೋವನ್ನು ಹದಕ್ಕೆ ತಂದುಕೊಂಡ ಅವರು, 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ಕೋರ್ಟು ಇಬ್ಬರ ಪಾಲಾಗುತ್ತದೆ, ಓಟ ಕಡಿಮೆಯಾಗುತ್ತದೆ. ಪಿಕಲ್‌ಬಾಲ್ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಅಮೆರಿಕದ ಜ್ಯಾಕ್ ಸಾಕ್ 2019ರಲ್ಲಿ ಹೆಬ್ಬೆರಳಿನ ಗಾಯದಿಂದ ತಿಂಗಳುಗಟ್ಟಲೆ ಆಡಲಾಗದೆ ಕೂತಿದ್ದರು. ಸಿಂಗಲ್ಸ್‌ನಲ್ಲಿ ಒಮ್ಮೆ ವಿಶ್ವದ 8ನೇ ಸ್ಥಾನಕ್ಕೇರಿದ್ದ ಅವರು 2023ರಲ್ಲಿ ಟೆನಿಸ್‌ಗೆ ವಿದಾಯ ಹೇಳಿ ವೃತ್ತಿಪರ ಪಿಕಲ್‌ಬಾಲ್ ಹಿಡಿದರು.

ದೇಹಕ್ಕೆ ಹಗುರವೇಕೆ?

ಟೆನಿಸ್ ಡಬಲ್ಸ್ ಕೋರ್ಟು 78 ಅಡಿ ಉದ್ದ, 36 ಅಡಿ ಅಗಲ. ಪಿಕಲ್‌ಬಾಲ್‌ನದು 44ಕ್ಕೆ 20 ಅಡಿ. ಅಂದರೆ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಜಾಗ. ತೂತುಗಳಿರುವ ಪ್ಲಾಸ್ಟಿಕ್ ಚೆಂಡು 22ರಿಂದ 26 ಗ್ರಾಂ ತೂಗುತ್ತದೆ, ಟೆನಿಸ್ ಚೆಂಡಿನ ಅರ್ಧಕ್ಕೂ ಕಡಿಮೆ. ಗಾಳಿಯಲ್ಲೇ ಅದರ ವೇಗ ಇಳಿಯುತ್ತದೆ. ಸರ್ವ್ ಅನ್ನು ಸೊಂಟದ ಕೆಳಗಿನಿಂದಲೇ ಮಾಡಬೇಕಾದ್ದರಿಂದ ಭುಜಕ್ಕೂ ಬೆನ್ನಿಗೂ ಬೀಳುವ ಹೊರೆ ಕಡಿಮೆಯಾಗುತ್ತದೆ.

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಬಗ್ಗಿ ನಿಲ್ಲುವ ಆಟವಿದು. ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು, ಮೊಣಕೈ ನೋಯಬಹುದು. ಎತ್ತರದ ಚೆಂಡಿಗೆ ಹಿಮ್ಮುಖವಾಗಿ ಓಡಿ ಬಿದ್ದು ಮಣಿಕಟ್ಟು ಮುರಿದುಕೊಳ್ಳುವವರಿದ್ದಾರೆ. ಪಕ್ಕಕ್ಕೆ ತಿರುಗಿಯೇ ಹಿಂದೆ ಓಡಬೇಕು. ವೈದ್ಯರೋ ಫಿಸಿಯೋಥೆರಪಿಸ್ಟೋ ಒಪ್ಪಿದ ಮೇಲೆಯೇ ಪ್ಯಾಡಲ್ ಹಿಡಿಯಿರಿ.

ಬಿಡಬೇಕಾದ ಅಭ್ಯಾಸಗಳು

ಮೊದಲನೆಯದು ದೊಡ್ಡ ಬೀಸು. ಇಲ್ಲಿ ಪ್ಯಾಡಲ್ ಎದೆಯ ಮುಂದೆಯೇ ಇರಬೇಕು. ಹಿಂದಕ್ಕೆ ಎಳೆಯುವಷ್ಟರಲ್ಲಿ ಚೆಂಡು ದಾಟಿರುತ್ತದೆ. ಎರಡನೆಯದು ಸರ್ವ್ ಮಾಡಿ ಮುನ್ನುಗ್ಗುವುದು. ಸರ್ವ್ ಒಮ್ಮೆ, ಅದರ ಉತ್ತರ ಒಮ್ಮೆ ನೆಲಕ್ಕೆ ಪುಟಿಯಲೇಬೇಕು, ಆಮೇಲಷ್ಟೇ ವಾಲಿ. ಮೂರನೆಯದು ನೆಟ್‌ಗೆ ಅಂಟಿಕೊಳ್ಳುವುದು. ನೆಟ್‌ನ ಎರಡೂ ಬದಿ 7 ಅಡಿ ಜಾಗಕ್ಕೆ ಕಿಚನ್ ಎನ್ನುತ್ತಾರೆ. ಅದರೊಳಗೆ ನಿಂತು, ಗೆರೆ ತುಳಿದು ಕೂಡ, ವಾಲಿ ಹೊಡೆಯುವಂತಿಲ್ಲ.

ಟೆನಿಸಿಗರು ಎಡವುವುದು ಸರ್ವ್ ಮತ್ತು ಅದರ ಉತ್ತರ ಮುಗಿದ ಮೇಲಿನ ಮೂರನೇ ಹೊಡೆತದಲ್ಲಿ. ಎದುರಾಳಿಗಳಿಬ್ಬರೂ ಕಿಚನ್ ಗೆರೆಗೆ ಬಂದು ನಿಂತಿರುತ್ತಾರೆ. ಸರ್ವ್ ಮಾಡಿದ ಜೋಡಿ ಹಿಂದಿನ ಗೆರೆಯಲ್ಲೇ ಇರುತ್ತದೆ. ಬಲವಾಗಿ ಹೊಡೆದರೆ ಚೆಂಡು ಅಷ್ಟೇ ಬಲವಾಗಿ ಕಾಲಬುಡಕ್ಕೆ ವಾಪಸು ಬರುತ್ತದೆ. ಅದರ ಬದಲು ಮಣಿಕಟ್ಟು ಬಿಗಿಹಿಡಿದು, ಮೊಣಕಾಲು ಬಗ್ಗಿಸಿ, ಭುಜದಿಂದ ಮೆಲ್ಲನೆ ಎತ್ತಿದರೆ ಚೆಂಡು ನೆಟ್ ದಾಟಿ ಅವರ ಕಿಚನ್‌ನೊಳಗೆ ಬೀಳುತ್ತದೆ. ಅವರು ಅದನ್ನು ಕೆಳಗಿನಿಂದಲೇ ಎತ್ತಬೇಕು. ಆ ಹೊತ್ತಿಗೆ ನೀವಿಬ್ಬರೂ ಮುಂದೆ ಬಂದಿರುತ್ತೀರಿ. ಈ ಒಂದು ಹೊಡೆತ ಕೈಗೆ ಹತ್ತಿದರೆ ಅರ್ಧ ಆಟ ಬಂದಂತೆ.

ಊರಲ್ಲೇ ಕೋರ್ಟು

ಬುಕ್ಕಾಂಬುಧಿಯಂಥ ಸಣ್ಣ ಊರಲ್ಲಿ ಟೆನಿಸ್ ಕೋರ್ಟು ಕಟ್ಟುವುದು ದೂರದ ಮಾತು. ಆದರೆ ಡಬಲ್ಸ್ ಷಟಲ್ ಕೋರ್ಟಿನ ಅಳತೆಯೂ 44ಕ್ಕೆ 20 ಅಡಿಯೇ. 1965ರಲ್ಲಿ ಅಮೆರಿಕದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಈ ಆಟ ಹುಟ್ಟಿದ್ದೇ ಹಳೆಯ ಷಟಲ್ ಕೋರ್ಟಿನ ಮೇಲೆ. ಹೀಗೆ ಮಾಡಿ:

1. ಹೊರಗೆರೆಗಳನ್ನೂ ನಡುಗೆರೆಯನ್ನೂ ಹಾಗೇ ಇಟ್ಟುಕೊಳ್ಳಿ.
2. ಷಟಲ್‌ನ ಮುಂದಿನ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿ ದೂರವಿರುತ್ತದೆ. 7 ಅಡಿಗೆ ಇನ್ನೊಂದು ಗೆರೆ ಎಳೆದರೆ ಕಿಚನ್ ಸಿದ್ಧ.
3. ನೆಟ್ ಇಳಿಸಿ ಕಟ್ಟಿ: ಕಂಬದ ಬಳಿ 36 ಇಂಚು, ಮಧ್ಯದಲ್ಲಿ 34 ಇಂಚು.
4. ಓಡಾಟಕ್ಕೆ ಸುತ್ತ ಜಾಗ ಬಿಡಿ. ಒಟ್ಟು 60ಕ್ಕೆ 30 ಅಡಿಯಾದರೂ ಬೇಕು.

ನೆಲ ಸಿಮೆಂಟಿನದೇ ಆಗಿರಲಿ. ಸಡಿಲ ಮಣ್ಣಿನಲ್ಲಿ ಚೆಂಡು ಪುಟಿಯುವುದಿಲ್ಲ. ಆಷಾಢದ ಗಾಳಿಗೆ ಈ ಹಗುರ ಚೆಂಡು ದಿಕ್ಕು ತಪ್ಪುತ್ತದೆ, ಆ ದಿನಗಳಲ್ಲಿ ಒಳಾಂಗಣವೇ ಲೇಸು.

ವೃತ್ತಿಯಾಗುವುದು ಹೇಗೆ?

ಭಾರತದಲ್ಲಿ ದಾರಿ ಈಗ ತೆರೆಯುತ್ತಿದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಷನ್‌ಗೆ ರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಕೊಟ್ಟಿತು. ಅದೇ ವರ್ಷ ಮುಂಬೈಯಲ್ಲಿ ನಡೆದ ವರ್ಲ್ಡ್ ಪಿಕಲ್‌ಬಾಲ್ ಲೀಗ್‌ನ ಮೊದಲ ಆವೃತ್ತಿಯಲ್ಲಿ ಬೆಂಗಳೂರು ಜವಾನ್ಸ್ ತಂಡವೂ ಕಣಕ್ಕಿಳಿದಿತ್ತು. ಲೀಗ್‌ನಲ್ಲಿ ಆಡಿ ಸಂಪಾದಿಸುವವರು ಕೆಲವರೇ. ತರಬೇತಿ, ತೀರ್ಪುಗಾರಿಕೆ, ಕೋರ್ಟು ನಡೆಸುವುದು ಹೆಚ್ಚು ಜನರಿಗೆ ಎಟುಕುವ ಕೆಲಸ. ಟೆನಿಸ್ ಕಲಿತವರಿಗೆ ಹೊಡೆತವೊಂದನ್ನು ಬಿಡಿಸಿ ಹೇಳಿಕೊಡುವುದು ಗೊತ್ತಿರುತ್ತದೆ, ಪೆಟ್ಟು ತಿಂದವರಿಗೆ ಶಿಷ್ಯನನ್ನು ಎಲ್ಲಿ ತಡೆದು ನಿಲ್ಲಿಸಬೇಕೆಂಬುದೂ ಗೊತ್ತಿರುತ್ತದೆ. ಈ ಎರಡೂ ಇರುವ ಕೋಚ್ ಸಣ್ಣ ಊರುಗಳಿಗೆ ತುರ್ತಾಗಿ ಬೇಕು. ಇರುವ ಉದ್ಯೋಗ ಬಿಡದೆ, ಸಂಜೆಯ ತರಗತಿಯಿಂದ ಆರಂಭಿಸಿ. ಮಕ್ಕಳು ಸೇರಿದಂತೆಲ್ಲ ಬೆಳೆಸಿಕೊಳ್ಳಿ.