ಬಿ.ಎಸ್ಸಿ. ಕೊನೆಯ ವರ್ಷದ ಸಿದ್ಧತೆ

ಬಿ.ಎಸ್ಸಿ. ಓದಿದವರಿಗೆ ದಾರಿಗಳು ಕಡಿಮೆ ಎಂಬ ಮಾತು ನಮ್ಮಲ್ಲಿ ಆಳವಾಗಿ ಬೇರೂರಿದೆ. ದಾರಿಗಳೇನೋ ಇವೆ. ಆದರೆ ಅವು ತೆರೆದುಕೊಳ್ಳುವುದು ಫಲಿತಾಂಶ ಬಂದ ಮೇಲಲ್ಲ, ಅದಕ್ಕೆ ಎಂಟು-ಹತ್ತು ತಿಂಗಳು ಮೊದಲು. ತಾಲ್ಲೂಕು ಕೇಂದ್ರದ ಕಾಲೇಜಿನ ಜಾಣ ವಿದ್ಯಾರ್ಥಿನಿಯೊಬ್ಬಳು ಅಂಕಪಟ್ಟಿ ಹಿಡಿದು "ಮುಂದೇನು, ಸಾರ್?" ಎಂದು ಕೇಳುವ ಹೊತ್ತಿಗೆ, ಅವಳು ಬರೆಯಬೇಕಿದ್ದ ಪರೀಕ್ಷೆ ಮುಗಿದು ತಿಂಗಳುಗಳೇ ಆಗಿರುತ್ತವೆ. ಇನ್ನೊಂದು ವರ್ಷ ಕಾಯಲು ಎಲ್ಲ ಮನೆಗಳಲ್ಲೂ ಒಪ್ಪಿಗೆ ಸಿಗುವುದಿಲ್ಲ.

ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ 'ಜ್ಯಾಮ್' ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ. ಪ್ರವೇಶದಲ್ಲೂ ಇದರ ಅಂಕಗಳಿಗೆ ಬೆಲೆಯಿದೆ. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ಸಲ್ಲಿಸಬೇಕಾದದ್ದು ಸಾಮಾನ್ಯವಾಗಿ ಹಿಂದಿನ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಪದವಿಯ ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು.

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ಇಲ್ಲೊಂದು ಅಂಶವನ್ನು ಗಮನಿಸಬೇಕು. ರಾಜ್ಯದ 2ಎ, 3ಬಿ ಮುಂತಾದ ಪ್ರವರ್ಗದ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುತ್ತವೆಂದೂ ಹೇಳಲಾಗದು. ಆದ್ದರಿಂದ ನಾಡಕಚೇರಿಗೆ ಅರ್ಜಿ ಹಾಕುವ ಕೆಲಸ ಓದಿಗಿಂತ ಮೊದಲೇ ಆಗಬೇಕು.

ಪ್ರಶ್ನೆಪತ್ರಿಕೆಯಲ್ಲಿ 60 ಪ್ರಶ್ನೆ, 100 ಅಂಕ, ಅವಧಿ ಮೂರು ಗಂಟೆ. ಮೊದಲ 30 ಪ್ರಶ್ನೆಗಳಿಗೆ ನಾಲ್ಕು ಆಯ್ಕೆಗಳಿದ್ದು, ಒಂದೇ ಸರಿ. ಒಂದು ಅಂಕದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1/3 ಅಂಕ ಕಳೆಯುತ್ತಾರೆ. ಇದಕ್ಕೆ ಹೆದರಿ ಸಂಶಯವಿದ್ದುದನ್ನೆಲ್ಲ ಬಿಟ್ಟು ಬರುವವರು ಬಹಳ. ಸಂಭವನೀಯತೆಯ ಸರಳ ಲೆಕ್ಕ ಮಾಡಿ ನೋಡಿ. ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ (1/4 × 1) − (3/4 × 1/3) = 0. ಒಂದು ಆಯ್ಕೆ ಖಂಡಿತ ತಪ್ಪೆಂದು ತೆಗೆದುಹಾಕಬಲ್ಲಿರಾದರೆ (1/3) − (2/3 × 1/3) = 1/9; ಎರಡನ್ನು ತೆಗೆದರೆ 1/3. ಅಂದರೆ ಅರ್ಧ ತಿಳಿದಿರುವುದಕ್ಕೂ ಬೆಲೆಯುಂಟು! ಉಳಿದ 30 ಪ್ರಶ್ನೆಗಳಿಗೆ ಋಣಾಂಕವೇ ಇಲ್ಲ. ಅವನ್ನು ಖಾಲಿ ಬಿಡುವುದಕ್ಕೆ ಕಾರಣವೇ ಇಲ್ಲ.

ಸಂಶೋಧನೆ ತನಗೆ ಒಗ್ಗುವುದೇ ಎಂದು ತಿಳಿಯಲು ಬೇಸಿಗೆ ಫೆಲೋಶಿಪ್ ಒಳ್ಳೆಯ ಅವಕಾಶ. 1934ರಲ್ಲಿ ಸಿ.ವಿ. ರಾಮನ್ ಸ್ಥಾಪಿಸಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ಅಕಾಡೆಮಿಗಳೊಂದಿಗೆ ಸೇರಿ ಇದನ್ನು ನಡೆಸುತ್ತದೆ. ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದು ಹಲವು ಅಧ್ಯಾಪಕರಿಗೇ ಗೊತ್ತಿಲ್ಲ.

ಇನ್ನು ಪದವಿಯ ನಂತರ ನೇರವಾಗಿ ಕೆಲಸಕ್ಕೆ ಸೇರಬೇಕಾದವರ ವಿಷಯ. ರಸಾಯನವಿಜ್ಞಾನ ಓದಿದವರಿಗೆ ಔಷಧ ಕಾರ್ಖಾನೆಗಳ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಅವಕಾಶಗಳಿವೆ. ಅಲ್ಲಿನ ಸಂದರ್ಶನಕ್ಕೆ ದಪ್ಪ ಗೈಡುಗಳಿಗಿಂತ ಕಾಲೇಜಿನ ಪ್ರಯೋಗಗಳೇ ಒಳ್ಳೆಯ ತಯಾರಿ. ಉದಾಹರಣೆಗೆ, ಸೋಡಿಯಂ ಹೈಡ್ರಾಕ್ಸೈಡನ್ನು ತೂಗಿ, ನೀರಿನಲ್ಲಿ ಕರಗಿಸಿ, ಅದರ ಸಾರತೆ ನಿಖರವಾಗಿ ಇಷ್ಟೇ ಎಂದು ಏಕೆ ಹೇಳಲಾಗದು? ಅದು ಗಾಳಿಯಿಂದ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ತಕ್ಕಡಿ ತೋರಿಸುವುದು ಇವೆಲ್ಲದರ ಒಟ್ಟು ತೂಕ. ಹಾಗಾಗಿ ಆಕ್ಸಾಲಿಕ್ ಆಮ್ಲದಂಥ ಪ್ರಮಾಣಕದೊಂದಿಗೆ ಟೈಟ್ರೇಷನ್ ಮಾಡಿ ನಿರ್ಧರಿಸಬೇಕು. ಬ್ಯೂರೆಟ್ ಹಿಡಿದವರೆಲ್ಲ ಇದನ್ನು ಮಾಡಿರುತ್ತಾರೆ. ಏಕೆಂದು ಯೋಚಿಸಿದವರು ಕಡಿಮೆ.

ಬರವಣಿಗೆಯ ಅಭ್ಯಾಸವೂ ಬದಲಾಗಬೇಕು. ನಮ್ಮ ಪ್ರಾಕ್ಟಿಕಲ್ ರೆಕಾರ್ಡ್‌ಗಳಲ್ಲಿ ತಪ್ಪಿದ ಅಂಕಿಯ ಮೇಲೆ ವೈಟ್ನರ್ ಬಳಿದು 'ಚೊಕ್ಕ' ಮಾಡುವ ರೂಢಿಯಿದೆ. ಔಷಧ ಕಾರ್ಖಾನೆಯಲ್ಲಿ ಅದೇ ದೊಡ್ಡ ಅಪರಾಧ. ಅಲ್ಲಿ ತಪ್ಪಿದ ಅಂಕಿಯು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕುತ್ತಾರೆ. ನಮ್ಮ ಪ್ರಯೋಗಾಲಯಗಳಲ್ಲಿ ಇದನ್ನು ಮೊದಲ ವರ್ಷದಿಂದಲೇ ರೂಢಿಸಲು ಹೊಸ ಉಪಕರಣವಾಗಲಿ ಅನುದಾನವಾಗಲಿ ಬೇಕಿಲ್ಲ.