ಬೇಳೆ ಬೇಯುವ ನೀರು, ಗೋಸುಂಬೆ ಕುಡಿಯುವ ಹನಿ

ಎಳ್ಳಮಾಸಿಯ ದಿನ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ನಸುಕಿನಲ್ಲೇ ಹೋದವರಿಗೆ ತೊಗರಿ ಎಲೆಯ ಇಬ್ಬನಿ ಇನ್ನೂ ಆರಿರುವುದಿಲ್ಲ. ಹೊತ್ತೇರಿದ ಮೇಲೆ ಬದುವಿನ ಜಾಲಿಕಂಟಿಯನ್ನು ತಾಳ್ಮೆಯಿಂದ ನೋಡಿದರೆ ಒಂದು ಗೋಸುಂಬೆಯೂ ಕಂಡೀತು. ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ಎಲೆಯಂಚಿನ ಹನಿಯ ಕಡೆ. ಅದರ ಪಾಲಿಗೆ ಕೆರೆಯೂ ಆ ಹನಿಯೇ, ಬಾವಿಯೂ ಆ ಹನಿಯೇ.

ವಿಷಜಂತುವೆಂದು ಹೆದರಿ ಇದಕ್ಕೆ ಕಲ್ಲೆಸೆಯುವವರಿದ್ದಾರೆ. ಗೋಸುಂಬೆಗೆ ವಿಷವಿಲ್ಲ. ಭಾರತದ ಕಾಡುಮೇಡುಗಳಲ್ಲಿ ಇರುವುದು ಒಂದೇ ಜಾತಿಯ ಗೋಸುಂಬೆ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದು ಸಾಕುವುದು ಅಪರಾಧ. ಆದರೂ ರಸ್ತೆ ದಾಟುವಾಗ ಪೆಟ್ಟು ತಿಂದದ್ದೋ, ನಾಯಿಯ ಬಾಯಿಂದ ಪಾರಾದದ್ದೋ ಅರಣ್ಯ ಇಲಾಖೆಯವರು ಬರುವ ತನಕ ಒಂದೆರಡು ತಾಸು ನಮ್ಮ ಅಂಗಳದಲ್ಲಿ ಉಳಿಯಬೇಕಾಗುತ್ತದೆ. ಆಗ ಎದುರಾಗುವ ಪ್ರಶ್ನೆ ಇದು: ಇದಕ್ಕೆ ಯಾವ ನೀರು ಕೊಡಬೇಕು, ಹೇಗೆ ಕೊಡಬೇಕು? ಹೊರದೇಶಗಳಲ್ಲಿ ಯೆಮನ್ ಮೂಲದ ಗೋಸುಂಬೆ ಸಾಕುವವರಿಗೂ ದಿನಾ ಇದೇ ಪ್ರಶ್ನೆ.

ಮೊದಲು ‘ಹೇಗೆ’ ಎಂಬುದನ್ನು ನೋಡೋಣ. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದು ಗುರುತಿಸುವುದೇ ಇಲ್ಲ. ಹನಿ ಮಿನುಗಬೇಕು, ಎಲೆಯ ಮೇಲೆ ಜಾರಬೇಕು. ಆಗ ಅದು ನಿಧಾನವಾಗಿ ಬಂದು ನೆಕ್ಕುತ್ತದೆ. ಆದ್ದರಿಂದ ಎಲೆಗಳಿರುವ ಕೊಂಬೆಯ ಮೇಲೆ ಕೂರಿಸಿ, ಮೇಲಿನಿಂದ ಹನಿ ಹನಿಯಾಗಿ ನೀರು ಬಿಡಬೇಕು. ಬಾಯಿ ತೆರೆಸಿ ಸುರಿದರೆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಕಣ್ಣು ಒಳಗೆ ಕುಸಿದಿದ್ದರೆ, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಆ ಬಿಳಿ ಭಾಗ ಯೂರಿಕ್ ಆಮ್ಲದ ಲವಣ. ಸರೀಸೃಪಗಳು ಕಲ್ಮಶವನ್ನು ಹೀಗೆ ಗಟ್ಟಿಯಾಗಿ ಹೊರಹಾಕಿ ನೀರು ಉಳಿಸುತ್ತವೆ. ಆದರೆ ಉಪ್ಪಿನಂಶವನ್ನು ನಮ್ಮ ಮೂತ್ರಪಿಂಡದಂತೆ ಸಾಂದ್ರಗೊಳಿಸಿ ಹೊರದೂಡುವ ಶಕ್ತಿ ಅವುಗಳ ಮೂತ್ರಪಿಂಡಕ್ಕಿಲ್ಲ. ಸವಳು ನೀರು ಅವಕ್ಕೆ ಹೊರೆಯಾಗುವುದು ಇದರಿಂದಲೇ.

ಇನ್ನು ‘ಯಾವ ನೀರು’ ಎಂಬುದು. ಇದಕ್ಕೆ ಉತ್ತರ ನಮ್ಮ ಕಾಲಡಿಯ ಕಲ್ಲಿನಲ್ಲಿದೆ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಇದೇ ಸೀಮೆಯ ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಆಳವಾಗಿ ಕೊರೆದು ನೋಡಿದಾಗ ಕಪ್ಪು ಬಸಾಲ್ಟ್ ಶಿಲೆ ಸುಮಾರು 340 ಮೀಟರ್ ದಪ್ಪವಿತ್ತು. ಮಳೆನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈಆಕ್ಸೈಡ್ ಹೀರಿ ಸೌಮ್ಯ ಆಮ್ಲವಾಗುತ್ತದೆ. ಕಲ್ಲಿನಿಂದಲೂ ಎರೆಮಣ್ಣಿನ ಸುಣ್ಣದ ಹರಳುಗಳಿಂದಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಬೋರ್‌ವೆಲ್ ನೀರು ಗಡಸಾಗುವುದು ಹೀಗೆ. ಅಡುಗೆಮನೆಗೆ ಇದು ಎಂದೋ ಗೊತ್ತು. ತೊಗರಿಯ ನಾಡಾದ ಲಾತೂರ ಸೀಮೆಯಲ್ಲಿ ಬೇಳೆ ಬೇಯದ ನೀರು, ಸಾಬೂನು ನೊರೆ ಬಿಡದ ನೀರು ಯಾವ ಬಾವಿಯದೆಂದು ಹೆಂಗಸರು ಹೇಳಬಲ್ಲರು. ಬೇಳೆಯ ಜೀವಕೋಶಗಳನ್ನು ಅಂಟಿಸಿಟ್ಟ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿಯುತ್ತದೆ. ಅದಕ್ಕೇ ಬೇಳೆ ಮೆತ್ತಗಾಗುವುದಿಲ್ಲ.

ಹಾಗಾದರೆ ಬೇಳೆ ಬೇಯುವ ನೀರನ್ನೇ ಗೋಸುಂಬೆಗೂ ಕೊಟ್ಟರಾಯಿತೇ? ಅರ್ಧ ಮಟ್ಟಿಗೆ ಹೌದು. ಗಡಸುತನ ವಿಷವಲ್ಲ. ಆದರೆ ಎಲೆಯ ಮೇಲಿನ ಹನಿ ಆರಿದಾಗ ಲವಣ ಅಲ್ಲೇ ಉಳಿಯುತ್ತದೆ. ದಿನವೂ ಸಿಂಪಡಿಸಿದರೆ ಎಲೆಗೆ ಬಿಳಿ ಪದರ ಕಟ್ಟುತ್ತದೆ, ಮುಂದಿನ ಹನಿ ಅದನ್ನೂ ಕರಗಿಸಿಕೊಂಡು ನಾಲಿಗೆಗೆ ಸಿಗುತ್ತದೆ.

ಇನ್ನರ್ಧವನ್ನು ಬೇಳೆ ಹೇಳಲಾರದು. ಗೊಬ್ಬರ, ಕೊಟ್ಟಿಗೆ, ಶೌಚಗುಂಡಿಗಳಿಂದ ಬಾವಿಗೆ ಇಳಿಯುವ ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಒಟ್ಟು ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಉತ್ತಮ, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಇವು ಮನುಷ್ಯರಿಗೆಂದು ಬರೆದ ಮಿತಿಗಳು. ಕೈಯಗಲದ ಜೀವಿಗೆ ಕೊಡುವ ನೀರು ಕನಿಷ್ಠ ಇಷ್ಟಾದರೂ ಶುದ್ಧವಿರಬೇಕು.

ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯಿದೆ. ಕುದಿಸಿದಾಗ ರೋಗಾಣು ಸಾಯುತ್ತವೆ, ಗಡಸುತನದ ಒಂದು ಪಾಲು ಸುಣ್ಣವಾಗಿ ಪಾತ್ರೆಯ ತಳಕ್ಕೆ ಕೂರುತ್ತದೆ. ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ವಾಸನೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದೆ. ಆರ್‌ಒ ನೀರು ಮೈಯ ಖನಿಜಗಳನ್ನು ಸೆಳೆದುಬಿಡುತ್ತದೆ ಎಂಬ ಭಯ ಬೇಡ. ಗೋಸುಂಬೆಗೆ ಖನಿಜ ಬರುವುದು ಮುಖ್ಯವಾಗಿ ತಿನ್ನುವ ಹುಳುಗಳಿಂದ, ನೀರಿನಿಂದಲ್ಲ. ಪರೀಕ್ಷೆಯಾಗದ ಬೋರ್ ನೀರಿಗಿಂತ ಆರ್‌ಒ ನೀರು ಅಥವಾ ಶುದ್ಧ ಪಾತ್ರೆಯಲ್ಲಿ ಹಿಡಿದ ಹೊಸ ಮಳೆನೀರು ಲೇಸು. ಯಾವ ನೀರೇ ಆಗಲಿ, ಸಿಂಪಡಿಸುವ ಬಾಟಲಿ ಶುಚಿಯಾಗಿರಲಿ. ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದಾದ್ದರಿಂದ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ನೀರಿನ ಬೆಲೆಯನ್ನು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ಗಾಡಿಯದೇ ಐದು ಲಕ್ಷ ಲೀಟರ್. ಮನುಷ್ಯರಿಗೆ ರೈಲು ಬಂತು. ಬದುವಿನ ಜೀವಿಗೆ ರೈಲೂ ಇಲ್ಲ, ಟ್ಯಾಂಕರೂ ಇಲ್ಲ. ಅದಕ್ಕಿರುವುದು ಎಲೆಯೊಂದೇ. ಸೋಯಾಬೀನಿಗೆ, ತೊಗರಿಗೆ ಹೊಡೆದ ಕೀಟನಾಶಕ ಗಾಳಿಗೆ ಹಾರಿ ಬದುವಿನ ಎಲೆಗಳ ಮೇಲೂ ಕೂರುತ್ತದೆ. ಮರುದಿನದ ಇಬ್ಬನಿ ಅದರ ಮೇಲೆಯೇ ಕಟ್ಟುತ್ತದೆ. ಅಂಗಳಕ್ಕೆ ಬಂದ ಒಂದಕ್ಕೆ ನಾವು ಎಷ್ಟೇ ಶುದ್ಧ ನೀರು ಕೊಟ್ಟರೂ, ವಾಪಸು ಬಿಡುವ ಕಂಟಿಯ ಹನಿ ಕೆಟ್ಟಿದ್ದರೆ ಏನು ಬಂತು?

ಎಳ್ಳಮಾಸಿಯಂದು ನಾವು ಹೊಲದ ಸುತ್ತ ಅಡುಗೆಯ ಚರಗ ಚೆಲ್ಲುತ್ತೇವೆ. ಭೂಮಿಗೂ, ಭೂಮಿಯ ಮೇಲಿನ ಹುಳಹುಪ್ಪಡಿಗೂ ಒಂದು ಪಾಲು ಸಲ್ಲಬೇಕೆಂದು ಹಿರಿಯರು ಹಾಕಿಕೊಟ್ಟ ರೂಢಿ ಅದು. ಔಷಧಿ ಹೊಡೆಯುವ ದಿನ ಗಾಳಿಯ ದಿಕ್ಕು ನೋಡಿ, ಬದುವಿನ ಒಂದು ಸಾಲು ಜಾಲಿ, ಬೇವು, ಲಂಟಾನದ ಕಂಟಿಗೆ ಅದು ತಾಗದಂತೆ ಬಿಟ್ಟರೆ ಆ ಸಾಲಿನ ಇಬ್ಬನಿಯೂ ಚರಗವೇ. ಗೋಸುಂಬೆಗೆ ನಾವು ಕೊಡಬಹುದಾದ ಅತ್ಯಂತ ಸುರಕ್ಷಿತ ನೀರು ಅದು.