15 ನಿಮಿಷದ ಡೈಲಿ ಸ್ಕ್ರಮ್
ಸಾಫ್ಟ್‌ವೇರ್ ತಂಡಗಳು ಬಳಸುವ ಸ್ಕ್ರಮ್ ಎಂಬ ಕಾರ್ಯಪದ್ಧತಿಯಲ್ಲಿ ಡೈಲಿ ಸ್ಕ್ರಮ್ ಎಂದರೆ ಡೆವಲಪರ್‌ಗಳು ದಿನದ ಕೆಲಸವನ್ನು ತಾವೇ ಹೊಂದಿಸಿಕೊಳ್ಳುವ 15 ನಿಮಿಷದ ಸಭೆ. ಸಮಯ, ಜಾಗ ದಿನವೂ ಒಂದೇ.

ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲೆಂಡ್ ಬರೆದ ಸ್ಕ್ರಮ್ ಗೈಡ್‌ನಲ್ಲಿ ಮೊದಲು ಮೂರು ಪ್ರಶ್ನೆಗಳಿದ್ದವು: ನಿನ್ನೆ ಏನು ಮಾಡಿದ್ದು, ಇವತ್ತೇನು, ಅಡ್ಡಿ ಏನಾದರೂ ಇದೆಯೇ? 2020ರ ಆವೃತ್ತಿಯಲ್ಲಿ ಅವಿಲ್ಲ. ಒಳ್ಳೆಯದೇ ಆಯಿತು, ಎಷ್ಟೋ ತಂಡಗಳಲ್ಲಿ ಅವಕ್ಕೆ ಉತ್ತರಿಸುವುದು ಮ್ಯಾನೇಜರ್ ಮುಂದೆ ಹಾಜರಿ ಹೇಳಿದಂತಾಗಿತ್ತು.

ಈ ಸಭೆಯಲ್ಲಿ ನೋಡಬೇಕಾದದ್ದು ಸ್ಪ್ರಿಂಟ್‌ನ, ಅಂದರೆ ಕೆಲಸದ ನಿಗದಿತ ಅವಧಿಯ, ಗುರಿ ಕೈಗೆಟುಕುತ್ತದೆಯೇ ಎಂದು. ಪೇಮೆಂಟ್ ಪುಟದ ಕೋಡ್ ಬರೆದು ಮೂರು ದಿನವಾದರೂ ರಿವ್ಯೂ ಆಗದೆ ಕೆಲಸಗಳ ಬೋರ್ಡಿನಲ್ಲಿ ಹಾಗೇ ಕೂತಿದೆ ಎನ್ನಿ. ಪಳಗಿದ ತಂಡದಲ್ಲಿ ಆ ದಿನ ಯಾರೂ ಹೊಸ ಟಿಕೆಟ್ (ಕೆಲಸ) ಎತ್ತಿಕೊಳ್ಳುವುದಿಲ್ಲ. ಇಬ್ಬರು ರಿವ್ಯೂಗೆ ಕೂರುತ್ತಾರೆ, ಮಧ್ಯಾಹ್ನದೊಳಗೆ ಅದು ಟೆಸ್ಟಿಂಗ್‌ಗೆ ಹೋಗುತ್ತದೆ. ಬಗ್ ಬಿಡಿಸುವ ಉದ್ದನೆಯ ಚರ್ಚೆ ಸಭೆ ಮುಗಿದ ಮೇಲೆ, ಸಂಬಂಧಪಟ್ಟವರ ನಡುವೆ ಮಾತ್ರ.